ಬುಗುರಿ ಹಿಡಿದು ಹಾರಿದವನು: ಲಾರೆನ್ಸ್ ಸ್ಪೆರಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಧ್ವಜಸ್ತಂಭದ ಪಕ್ಕದ ಆ ಗಟ್ಟಿ ನೆಲ. ಮಳೆಗಾಲ ಕಳೆದ ಮೇಲೆ ಅದು ಕಾಂಕ್ರೀಟಿನಂತೆ ಬಿಗಿಯುತ್ತಿತ್ತು. ಊಟದ ಬಿಡುವಿನಲ್ಲಿ ನಾವು ಅಲ್ಲಿ ಬುಗುರಿ ಆಡುತ್ತಿದ್ದೆವು. ಒಂದು ದಿನ ಗಂಟೆ ಹೊಡೆದರೂ ಏಳದ ನಮ್ಮನ್ನು ಎಳೆದುಕೊಂಡು ಹೋಗಲು ಬಂದ ವಿಜ್ಞಾನದ ಮೇಷ್ಟ್ರು ನನ್ನ ಬುಗುರಿಯನ್ನು ಕಿತ್ತುಕೊಂಡರು. ಏಟು ಬಿತ್ತು ಎಂದುಕೊಂಡೆ. ಅವರು ತರಗತಿಗೆ ಬಂದು, ಮೊದಲ ಬೆಂಚಿನವನ ಪರೀಕ್ಷೆ ರಟ್ಟು ಇಸಿದುಕೊಂಡು, ಅದರ ಮೇಲೆ ಬುಗುರಿ ಆಡಿಸಿದರು. ಅದು ಗುಂಯ್ ಎಂದು ನಿಂತ ಮೇಲೆ ರಟ್ಟನ್ನು ಮೆಲ್ಲಗೆ ಒಂದು ಕಡೆಗೆ ವಾಲಿಸಿದರು. ರಟ್ಟು ವಾಲಿತು, ಬುಗುರಿ ನೆಟ್ಟಗೇ ಇತ್ತು. ಯಾಕೆ ಎಂದು ಕೇಳಿ, ಯಾರಿಂದಲೂ ಉತ್ತರ ಬಾರದಿದ್ದಾಗ, ಯೋಚನೆ ಮಾಡಿಕೊಂಡು ಬನ್ನಿ ಎಂದು ಹೇಳಿ ಪಾಠ ಶುರು ಮಾಡಿದರು.

ಆ ಯೋಚನೆ ನನಗೆ ಮುಂದೆ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಎದುರಾಯಿತು. ನಾನು ಈಗ ಬೆಂಗಳೂರಿನಲ್ಲಿ ವಿಮಾನದ ಕಾಕ್‌ಪಿಟ್‌ನೊಳಗಿನ ಪರದೆಗಳ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಹಿರಿಯರು ಕೇಳುವ ಪ್ರಶ್ನೆ ಒಂದೇ: ವಿಮಾನ ತನ್ನಷ್ಟಕ್ಕೆ ತಾನೇ ಹೋಗುತ್ತದಂತೆ, ಪೈಲಟ್ ಕಾಫಿ ಕುಡಿಯುತ್ತ ಕೂತಿರುತ್ತಾನಂತೆ, ಹೌದೇ? ನಿಂತ ನಿಲುವಿನಲ್ಲಿ ಇದಕ್ಕೆ ಸರಿಯಾದ ಉತ್ತರ ಕೊಡಲು ನನಗೆ ಒಮ್ಮೆಯೂ ಆಗಿಲ್ಲ. ಆದ್ದರಿಂದ ವಿಮಾನವನ್ನು ಮೊದಲ ಬಾರಿಗೆ ಕೈಬಿಟ್ಟು ಹಾರಿಸಿ ತೋರಿಸಿದ ಒಬ್ಬನ ಬದುಕನ್ನು ಇಲ್ಲಿ ಬರೆಯುತ್ತೇನೆ. ಆತ ತೀರಿಕೊಂಡಾಗ ಅವನಿಗೆ ಈಗಿನ ನನಗಿಂತ ಕಡಿಮೆ ವಯಸ್ಸು. ಹಾಗಾಗಿ ಅವನನ್ನು ಏಕವಚನದಲ್ಲೇ ಕರೆದರೆ ಓದುಗರು ಕ್ಷಮಿಸಬೇಕು. ಅವನ ತಂದೆಯವರಿಗೆ ಮಾತ್ರ ಬಹುವಚನವೇ ಸರಿ.

ತಂದೆಯವರಿಂದಲೇ ಶುರು ಮಾಡಬೇಕು. ಎಲ್ಮರ್ ಆಂಬ್ರೋಸ್ ಸ್ಪೆರಿ ಹುಟ್ಟಿದ್ದು 1860ರ ಅಕ್ಟೋಬರ್ 12ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿನ್ಸಿನಾಟಸ್ ಎಂಬ ಹಳ್ಳಿಯಲ್ಲಿ. ನ್ಯೂಯಾರ್ಕ್ ಎಂದ ಕೂಡಲೇ ಗಗನಚುಂಬಿ ಕಟ್ಟಡ ಕಣ್ಣಿಗೆ ಬರುತ್ತದೆ. ಇದು ಹಾಗಲ್ಲ, ಹೊಲಗದ್ದೆ, ಮರ ಕೊಯ್ಯುವ ಗಿರಣಿಗಳ ಊರು. ಹೆರಿಗೆಯಾದ ಬೆನ್ನಿಗೇ ತಾಯಿ ತೀರಿಕೊಂಡರು. ತಂದೆ ಕೆಲಸ ಹುಡುಕಿಕೊಂಡು ಊರೂರು ತಿರುಗುವವರು. ಮಗುವನ್ನು ಸಾಕಿದ್ದು ಅಜ್ಜ, ಅಜ್ಜಿ ಮತ್ತು ಸೋದರತ್ತೆ. ಹುಡುಗನಿಗೆ ಯಂತ್ರ ಕಂಡರೆ ಊಟ ಬೇಡ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನವನ್ನು ನೋಡಿ ಬಂದದ್ದು ಅವರ ದಿಕ್ಕನ್ನೇ ಬದಲಿಸಿತು. ಹತ್ತಿರದ ಕಾರ್ಟ್‌ಲ್ಯಾಂಡ್ ಪಟ್ಟಣದ ಶಾಲೆಯಲ್ಲಿ ಓದು, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲ ಕಾಲ ಕೂತು ಕೇಳಿದ ಪಾಠ, ಅಷ್ಟೇ ಅವರ ವಿದ್ಯೆ. ಪದವಿ ಪಡೆಯಲಿಲ್ಲ. ಇಪ್ಪತ್ತರ ವಯಸ್ಸಿಗೆಲ್ಲ ಷಿಕಾಗೋಗೆ ಹೋಗಿ ವಿದ್ಯುದ್ದೀಪಗಳ ಕಂಪನಿ ತೆರೆದರು. ಆಮೇಲೆ ಗಣಿ ಯಂತ್ರ, ಟ್ರಾಂ ಗಾಡಿ, ಬ್ಯಾಟರಿ ಕಾರು ಎಂದು ಒಂದೊಂದಕ್ಕೇ ಕೈ ಹಾಕಿದರು. ಕೊನೆಗೆ ಅವರ ಹೆಸರಿನಲ್ಲಿದ್ದ ಪೇಟೆಂಟುಗಳ ಲೆಕ್ಕ ಮುನ್ನೂರೈವತ್ತನ್ನೂ ದಾಟಿತ್ತು.

ಅವರಿಗೆ ನಾಲ್ಕು ಮಕ್ಕಳು. ಅವರಲ್ಲಿ ಲಾರೆನ್ಸ್ ಹುಟ್ಟಿದ್ದು 1892ರ ಡಿಸೆಂಬರ್ 21ರಂದು, ಷಿಕಾಗೋದಲ್ಲಿ. ಪೂರ್ತಿ ಹೆಸರು ಲಾರೆನ್ಸ್ ಬರ್ಸ್ಟ್ ಸ್ಪೆರಿ. ಬರ್ಸ್ಟ್ ಎಂಬುದು ಎಲ್ಮರ್ ಅವರು ಮುಖವನ್ನೇ ನೋಡದ ಆ ತಾಯಿಯ ತವರು ಮನೆಯ ಹೆಸರು. ಈ ಒಂದು ವಿಷಯ ಓದಿದಾಗ ನನಗೆ ಆ ಮನುಷ್ಯರ ಮೇಲೆ ಅಕ್ಕರೆ ಹುಟ್ಟಿತು.

1905ರ ಹೊತ್ತಿಗೆ ಕುಟುಂಬ ಬ್ರೂಕ್ಲಿನ್‌ಗೆ ಬಂದಿತ್ತು. ಎಲ್ಮರ್ ಅವರ ತಲೆಯಲ್ಲಿ ಈಗ ತಿರುಗುತ್ತಿದ್ದದ್ದು ಗೈರೋಸ್ಕೋಪ್, ಅಂದರೆ ಚೌಕಟ್ಟಿನೊಳಗೆ ಕೂರಿಸಿದ ಬುಗುರಿ. ಭಾರದ ಒಂದು ಚಕ್ರವನ್ನು ಅತಿ ವೇಗವಾಗಿ ತಿರುಗಿಸಿ, ಅದರ ಸುತ್ತ ಒಂದರೊಳಗೊಂದು ಎರಡು ಬಳೆಗಳನ್ನು ಕೂರಿಸಿ ಎಲ್ಲ ದಿಕ್ಕಿಗೂ ಸಡಿಲವಾಗಿ ಹೊರಳುವಂತೆ ಮಾಡಿದರೆ, ಹೊರಗಿನ ಪೆಟ್ಟಿಗೆಯನ್ನು ನೀವು ಹೇಗೆ ಬೇಕಾದರೂ ಹೊರಳಿಸಿ, ಒಳಗಿನ ಚಕ್ರದ ಅಚ್ಚು ತಾನು ನೋಡುತ್ತಿದ್ದ ಕಡೆಗೇ ನೋಡುತ್ತಿರುತ್ತದೆ. ನಮ್ಮ ಮೇಷ್ಟ್ರ ರಟ್ಟಿನ ಮೇಲಿನ ಬುಗುರಿಯ ಗುಣವೇ ಇದು. ತಿರುಗುವ ಭಾರಕ್ಕೆ ದಿಕ್ಕು ಬದಲಿಸಲು ಮನಸ್ಸಿಲ್ಲ. ಕಬ್ಬಿಣದ ಹಡಗುಗಳಲ್ಲಿ ಅಯಸ್ಕಾಂತದ ದಿಕ್ಸೂಚಿ ಅಡ್ಡಾದಿಡ್ಡಿ ತೋರಿಸುತ್ತಿದ್ದ ಕಾಲ ಅದು. 1910ರಲ್ಲಿ ಸ್ಪೆರಿ ಗೈರೋಸ್ಕೋಪ್ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ಅವರ ಗೈರೋ ದಿಕ್ಸೂಚಿ ಅಮೆರಿಕದ ಡೆಲವೇರ್ ಯುದ್ಧನೌಕೆಯ ಮೇಲೆ ಪರೀಕ್ಷೆಗೆ ಏರಿತು. ಇದೇ ಕೆಲಸದಲ್ಲಿ ಅವರಿಗಿಂತ ಮೊದಲೇ ತೊಡಗಿದ್ದ ಜರ್ಮನಿಯ ಆನ್‌ಷುಟ್ಸ್ ಎಂಬುವರು ಪೇಟೆಂಟ್ ವಿಚಾರವಾಗಿ ಮೊಕದ್ದಮೆ ಹೂಡಿದರು. ಆ ಮೊಕದ್ದಮೆಯಲ್ಲಿ ನ್ಯಾಯಾಲಯಕ್ಕೆ ತಜ್ಞರಾಗಿ ಅಭಿಪ್ರಾಯ ಕೊಟ್ಟವರು ಆಲ್ಬರ್ಟ್ ಐನ್‌ಸ್ಟೈನ್. ತೀರ್ಪು ಸ್ಪೆರಿಯವರಿಗೆ ವಿರುದ್ಧವಾಯಿತು. ನಮ್ಮ ವಿಜ್ಞಾನ ಪುಸ್ತಕದಲ್ಲಿ ಈ ಕಥೆ ಇದ್ದಿದ್ದರೆ ನಾನು ಆ ಪಾಠದಲ್ಲಿ ನಿದ್ದೆ ಮಾಡುತ್ತಿರಲಿಲ್ಲ.

ಅಪ್ಪ ಹಡಗಿನ ಬೆನ್ನು ಹತ್ತಿದ್ದರೆ ಮಗನಿಗೆ ಆಕಾಶದ ಹುಚ್ಚು. ಇನ್ನೂ ಹದಿಹರೆಯದಲ್ಲಿ, ಮನೆಯಲ್ಲೇ ಕೂತು ಒಂದು ವಿಮಾನ ಕಟ್ಟಿದ. ಕಟ್ಟಿದ ಮೇಲೆ ಬಾಗಿಲಿನಿಂದ ಹೊರಗೆ ಬಾರದೆ ಕಿಟಕಿಯನ್ನೇ ಕೀಳಬೇಕಾಯಿತು. ಅಪ್ಪ ಅಮ್ಮ ಊರಲ್ಲಿ ಇಲ್ಲದಾಗ ಮಾಡಿದ ಕೆಲಸವಂತೆ. ಎಲ್ಲ ಊರಿನ ಮಕ್ಕಳೂ ಒಂದೇ. 1913ರಲ್ಲಿ ಅವನು ಹ್ಯಾಮಂಡ್ಸ್‌ಪೋರ್ಟ್‌ನಲ್ಲಿ ಗ್ಲೆನ್ ಕರ್ಟಿಸ್ ಅವರ ಬಳಿ ಹಾರುವುದನ್ನು ಕಲಿತ. ಅವನಿಗೆ ಸಿಕ್ಕ ಪೈಲಟ್ ಪರವಾನಗಿಯ ಸಂಖ್ಯೆ 11.

ಆ ಕಾಲದ ವಿಮಾನ ಎಂದರೆ ಬಿದಿರು ಬುಟ್ಟಿಯಷ್ಟು ಹಗುರ. ಬಟ್ಟೆ ಹೊದಿಸಿದ ರೆಕ್ಕೆ, ತಂತಿಯ ಬಿಗಿತ. ಒಂದು ಗಾಳಿಯ ಹೊಡೆತಕ್ಕೆ ಪಕ್ಕಕ್ಕೆ ಮಗುಚುತ್ತಿತ್ತು. ಪೈಲಟ್ ಒಂದು ಕ್ಷಣ ಕೈ ಬಿಡುವ ಹಾಗಿಲ್ಲ. ಮೋಡದೊಳಗೆ ಹೊಕ್ಕರಂತೂ ಯಾವುದು ಮೇಲೆ ಯಾವುದು ಕೆಳಗೆ ಎಂದು ದೇಹಕ್ಕೆ ತಿಳಿಯುವುದಿಲ್ಲ. ರಾಟವಾಳದಿಂದ ಇಳಿದ ಮೇಲೆ ನಿಂತ ನೆಲವೇ ತಿರುಗಿದಂತೆ ಆಗುತ್ತದಲ್ಲ, ಅಂಥದ್ದೇ ಮೋಸ. ಕಿವಿಯೊಳಗಿನ ಸಮತೋಲದ ಅಂಗ ಸುಳ್ಳು ಹೇಳುತ್ತದೆ. ಎಷ್ಟೋ ಪೈಲಟ್‌ಗಳು ಸತ್ತದ್ದು ಹೀಗೆ. ಸುಳ್ಳು ಹೇಳದ ಒಂದು ವಸ್ತು ವಿಮಾನದೊಳಗೆ ಬೇಕಾಗಿತ್ತು. ಅಪ್ಪನ ಕಾರ್ಖಾನೆಯಲ್ಲಿ ಅದು ಇತ್ತು, ಆದರೆ ಹಡಗಿನ ಅಳತೆಯದ್ದು. ಅದನ್ನು ಸುಮಾರು ಹದಿನೆಂಟು ಕಿಲೋ ತೂಕದ ಪೆಟ್ಟಿಗೆಗೆ ಇಳಿಸಿದ್ದು ಅಪ್ಪ ಮಗನ ಕೂಡು ಕೆಲಸ. ಒಳಗೆ ವಿದ್ಯುತ್ತಿನಿಂದ ತಿರುಗುವ ನಾಲ್ಕು ಪುಟ್ಟ ಗೈರೋಸ್ಕೋಪ್.

ಇದು ಕೆಲಸ ಮಾಡುವ ರೀತಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಇವತ್ತಿನ ಏರ್‌ಬಸ್ಸಿನಲ್ಲೂ ಮೂಲ ಇದೇ. ಬುಗುರಿ ನೆಟ್ಟಗಿದೆ, ವಿಮಾನ ಅದರ ಸುತ್ತ ವಾಲುತ್ತದೆ. ಎರಡರ ನಡುವಿನ ವ್ಯತ್ಯಾಸವೇ ತಪ್ಪಿನ ಅಳತೆ. ಆ ಅಳತೆ ಒಂದು ಬಲದ ಸಾಧನಕ್ಕೆ, ಸರ್ವೋ ಎನ್ನುತ್ತಾರೆ, ಅದಕ್ಕೆ ಸಂಜ್ಞೆ ಕೊಡುತ್ತದೆ. ಅದು ಪೈಲಟ್ ಕೈಯಿಂದ ಎಳೆಯುವ ತಂತಿಗಳನ್ನೇ ಎಳೆದು ರೆಕ್ಕೆಯ ತುದಿಯ ಪಟ್ಟಿಯನ್ನೋ ಬಾಲದ ಪಟ್ಟಿಯನ್ನೋ ಹೊರಳಿಸುತ್ತದೆ. ಇಷ್ಟೇ ಆದರೆ ಸಾಲದು. ಹೊಸದಾಗಿ ಸೈಕಲ್ ಕಲಿಯುವವನನ್ನು ನೋಡಿ: ಎಡಕ್ಕೆ ವಾಲಿದರೆ ಹ್ಯಾಂಡಲನ್ನು ತಿರುಗಿಸುತ್ತಾನೆ, ನೇರವಾಗುವವರೆಗೂ ಹಿಡಿದೇ ಇರುತ್ತಾನೆ, ಆದ್ದರಿಂದ ಬಲಕ್ಕೆ ಬೀಳುತ್ತಾನೆ. ಕಲಿತವನು ನೇರವಾಗುವ ಮೊದಲೇ ಹಿಡಿತ ಸಡಿಲಿಸುತ್ತಾನೆ. ಸ್ಪೆರಿಯವರ ಯಂತ್ರದಲ್ಲೂ ಹೀಗೇ, ಪಟ್ಟಿ ಎಷ್ಟು ಹೊರಳಿದೆ ಎಂಬ ಸುದ್ದಿ ಹಿಂದಕ್ಕೆ ಬಂದು, ವಿಮಾನ ನೇರವಾಗುತ್ತ ಬಂದಂತೆ ಎಳೆತ ತಾನೇ ಕಡಿಮೆಯಾಗುತ್ತಿತ್ತು. ಇನ್ನೊಂದು ಜಾಣತನವೂ ಅದರಲ್ಲಿತ್ತು. ಗಾಳಿಯ ವೇಗ ಅಳೆಯುವ ಒಂದು ಸಾಧನವನ್ನು ಜೋಡಿಸಿದ್ದರು. ವಿಮಾನದ ವೇಗ ಅಪಾಯದ ಮಟ್ಟಕ್ಕೆ ಇಳಿದರೆ ಮೂತಿಯನ್ನು ಕೆಳಕ್ಕೆ ಬಾಗಿಸಿ ವೇಗ ಗಳಿಸಿಕೊಳ್ಳಲಿ ಎಂದು. ಈ ಮಾತನ್ನು ಓದುಗರು ನೆನಪಿಟ್ಟಿರಲಿ, ಮುಂದೆ ಬೇಕಾಗುತ್ತದೆ.

1914ರಲ್ಲಿ ಫ್ರಾನ್ಸ್‌ನಲ್ಲಿ ಸುರಕ್ಷಿತ ವಿಮಾನಕ್ಕಾಗಿ ಒಂದು ಸ್ಪರ್ಧೆ ಏರ್ಪಟ್ಟಿತು. ಪ್ಯಾರಿಸ್ ಹತ್ತಿರ ಬೆಜೋನ್ ಎಂಬಲ್ಲಿ, ಸೀನ್ ನದಿಯ ದಂಡೆಯಲ್ಲಿ. ಲಾರೆನ್ಸ್ ತನ್ನ ಕರ್ಟಿಸ್ ಹಾರುದೋಣಿಯನ್ನು, ಅಂದರೆ ನೀರಿನಿಂದಲೇ ಏಳುವ ವಿಮಾನವನ್ನು, ಹಡಗಿನಲ್ಲಿ ತೆಗೆದುಕೊಂಡು ಹೋದ. ಅಲ್ಲೇ ಸಿಕ್ಕ ಎಮಿಲ್ ಕಾಷಾಂ ಎಂಬ ಫ್ರೆಂಚ್ ಮೆಕ್ಯಾನಿಕ್ ಜೊತೆಗಾರನಾದ. ಜೂನ್ 18ರಂದು ಸರದಿ ಬಂತು. ದಂಡೆಯ ಮೇಲೆ ಜನ, ತೀರ್ಪುಗಾರರು, ಸೇನಾಧಿಕಾರಿಗಳು.

ಮೊದಲ ಸುತ್ತಿನಲ್ಲಿ ಲಾರೆನ್ಸ್ ಜನರ ಮುಂದೆ ಬಂದಾಗ ಎರಡೂ ಕೈಗಳನ್ನು ಮೇಲಕ್ಕೆ ಎತ್ತಿದ. ವಿಮಾನ ನೇರವಾಗಿ ಹೋಯಿತು. ಎರಡನೇ ಸುತ್ತಿನಲ್ಲಿ ಕಾಷಾಂ ಕೂತಲ್ಲಿಂದ ಎದ್ದು ಬಲಗಡೆಯ ಕೆಳರೆಕ್ಕೆಯ ಮೇಲೆ ಸುಮಾರು ಏಳು ಅಡಿ ದೂರ ನಡೆದುಹೋದ. ತಕ್ಕಡಿಯ ಒಂದು ತಟ್ಟೆಗೆ ಒಬ್ಬ ಮನುಷ್ಯನನ್ನು ಕೂರಿಸಿದ ಹಾಗೆ. ಬೇರೆ ಯಾವ ವಿಮಾನವಾದರೂ ಅಲ್ಲೇ ಮಗುಚಿ ನದಿಗೆ ಬೀಳಬೇಕು. ಇಲ್ಲಿ ರೆಕ್ಕೆಯ ಪಟ್ಟಿಗಳು ತಾವೇ ಹೊರಳಿದವು, ಒಂದಿಷ್ಟು ಅಲುಗಿದ ವಿಮಾನ ಮತ್ತೆ ಸಮವಾಯಿತು. ಲಾರೆನ್ಸ್‌ನ ಕೈ ಆಗಲೂ ಮೇಲೆಯೇ. ಮೂರನೇ ಸುತ್ತಿನಲ್ಲಿ ಲಾರೆನ್ಸ್ ತಾನೂ ಎದ್ದು ಇನ್ನೊಂದು ರೆಕ್ಕೆಯ ಮೇಲಕ್ಕೆ ಹೋದ. ಜನರ ಕಣ್ಣ ಮುಂದೆ ಹಾದುಹೋದದ್ದು ಇಬ್ಬರು ಎರಡು ರೆಕ್ಕೆಗಳ ಮೇಲೆ ನಿಂತ, ನಡುವಿನ ಆಸನ ಖಾಲಿ ಇದ್ದ ವಿಮಾನ. ಅವನಿಗೆ ಆಗ ಇಪ್ಪತ್ತೊಂದು ವರ್ಷ. ಬಹುಮಾನದ ಐವತ್ತು ಸಾವಿರ ಫ್ರಾಂಕ್ ಅವನ ಪಾಲಾಯಿತು. ಎಲ್ಮರ್ ಅವರಿಗೆ ಆ ವರ್ಷದ ಕಾಲಿಯರ್ ಪ್ರಶಸ್ತಿ ಬಂತು.

ಈ ಪ್ರದರ್ಶನದ ಬಗ್ಗೆ ಓದಿದಾಗಲೆಲ್ಲ ನನ್ನ ಕಣ್ಣು ಲಾರೆನ್ಸ್‌ಗಿಂತ ಕಾಷಾಂನ ಮೇಲೆ ನಿಲ್ಲುತ್ತದೆ. ಕಟ್ಟಿದವನಿಗೆ ತನ್ನ ಯಂತ್ರದ ಮೇಲೆ ನಂಬಿಕೆ ಇರುವುದು ಸಹಜ. ಇವನು ಬೇರೊಬ್ಬ ಕಟ್ಟಿದ ಪೆಟ್ಟಿಗೆಯನ್ನು ನಂಬಿ ರೆಕ್ಕೆಯ ಮೇಲೆ ನಡೆದವನು. ಇಂದು ವಿಮಾನ ಹತ್ತುವ ನಾವೆಲ್ಲ ಕಾಷಾಂನ ಸಾಲಿನವರು.

ಇದಾಗಿ ಹತ್ತೇ ದಿನಕ್ಕೆ, ಜೂನ್ 28ರಂದು, ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಆಗಸ್ಟಿನಲ್ಲಿ ಮಹಾಯುದ್ಧ. ಜೀವ ಉಳಿಸುವ ಸ್ಪರ್ಧೆಯಲ್ಲಿ ಗೆದ್ದ ಪೆಟ್ಟಿಗೆಗೆ ಬೇರೆಯೇ ಕೆಲಸ ಬಂತು. ಪೈಲಟ್ ಇಲ್ಲದೆ ವಿಮಾನ ಹಾರುವುದಾದರೆ, ಅದರಲ್ಲಿ ಸ್ಫೋಟಕ ತುಂಬಿ ಶತ್ರುವಿನ ಮೇಲೆ ಏಕೆ ಕಳಿಸಬಾರದು? ಪೀಟರ್ ಕೂಪರ್ ಹೆವಿಟ್ ಎಂಬ ಸಂಶೋಧಕ ಈ ಯೋಚನೆ ಹಿಡಿದು ಸ್ಪೆರಿಯವರ ಜೊತೆಗೂಡಿದರು. ಅಮೆರಿಕದ ನೌಕಾಪಡೆ ಹಣ ಕೊಟ್ಟಿತು. ಮೊದಮೊದಲು ಲಾರೆನ್ಸ್ ತಾನೇ ಈ ಹಾರುವ ಬಾಂಬಿನೊಳಗೆ ಕೂತು ಪರೀಕ್ಷಿಸುತ್ತಿದ್ದ, ಬಿದ್ದದ್ದೂ ಉಂಟು. 1918ರ ಮಾರ್ಚ್ 6ರಂದು ಲಾಂಗ್ ಐಲೆಂಡ್‌ನ ಕೋಪಿಯೇಗ್‌ನಲ್ಲಿ ಒಂದು ವಿಮಾನ ಒಳಗೆ ಯಾರೂ ಇಲ್ಲದೆ ಎದ್ದು, ಗೊತ್ತುಪಡಿಸಿದ ಸಾವಿರ ಗಜ ಹೋಗಿ, ತಾನೇ ಕೆಳಕ್ಕೆ ಬಗ್ಗಿ ನೀರಿಗೆ ಬಿತ್ತು. ಯುದ್ಧ ಮುಗಿಯುವವರೆಗೂ ಅದು ರಣರಂಗಕ್ಕೆ ಹೋಗಲಿಲ್ಲ. ಆದರೆ ಇಂದು ಟಿವಿಯಲ್ಲಿ ನೋಡುವ ಡ್ರೋನ್, ಕ್ಷಿಪಣಿಗಳ ವಂಶವೃಕ್ಷದ ಬೇರು ಅಲ್ಲಿದೆ. ಬೆಜೋನ್‌ನಿಂದ ಕೋಪಿಯೇಗ್‌ಗೆ ನಾಲ್ಕು ವರ್ಷವೂ ಪೂರ್ತಿಯಾಗಿರಲಿಲ್ಲ. ಲಾರೆನ್ಸ್‌ನನ್ನು ಬಹಳ ಮೆಚ್ಚುವ ನನಗೂ ಈ ಭಾಗ ಬರೆಯುವಾಗ ಕೈ ತಡೆಯುತ್ತದೆ.

ಆ ಹೊತ್ತಿಗೆ ಲಾರೆನ್ಸ್ ಅಪ್ಪನಿಂದ ಬೇರೆಯಾಗಿ ತನ್ನದೇ ವಿಮಾನ ಕಂಪನಿ ಮಾಡಿಕೊಂಡಿದ್ದ. 1918ರಲ್ಲಿ ವಿನಿಫ್ರೆಡ್ ಆಲನ್ ಎಂಬ ಸಿನಿಮಾ ನಟಿಯನ್ನು ಮದುವೆಯಾದ, ಇಬ್ಬರು ಮಕ್ಕಳಾದರು. ವಿಮಾನ ಎಷ್ಟು ತಿರುಗುತ್ತಿದೆ, ಎಷ್ಟು ಜಾರುತ್ತಿದೆ ಎಂದು ತೋರಿಸುವ ಉಪಕರಣ ಅವನದು. ಈಗಲೂ ಸಣ್ಣ ವಿಮಾನಗಳಲ್ಲಿ ಅದರ ಮರಿಗಳು ಇವೆ. ಸೈನ್ಯಕ್ಕಾಗಿ ಅವನ ಕಂಪನಿ ತಯಾರಿಸಿದ ಮೆಸೆಂಜರ್ ಎಂಬ ಪುಟ್ಟ ವಿಮಾನಕ್ಕೆ ಒಂದು ತುದಿಯಿಂದ ಇನ್ನೊಂದಕ್ಕೆ ಇಪ್ಪತ್ತೇ ಅಡಿ ರೆಕ್ಕೆ. ಅದನ್ನು ಅವನು ಬೈಕಿನಂತೆ ಬಳಸುತ್ತಿದ್ದ. 1922ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆಯೇ ಇಳಿಸಿದ್ದ.

1923ರ ಡಿಸೆಂಬರ್ 13ರಂದು ಇಂಗ್ಲೆಂಡಿನಿಂದ ಕಡಲ್ಗಾಲುವೆಯನ್ನು ದಾಟಲು ಅದೇ ಮೆಸೆಂಜರ್‌ನಲ್ಲಿ ಒಬ್ಬನೇ ಹೊರಟ. ಮಂಜು ಕವಿದಿತ್ತು. ವಿಮಾನ ನೀರಿನ ಮೇಲೆ ತೇಲುತ್ತಿದ್ದದ್ದು ಸಿಕ್ಕಿತು, ಅದರಲ್ಲಿ ಅವನಿರಲಿಲ್ಲ. ಅವನಿಗೆ ಮೂವತ್ತೊಂದು ತುಂಬಲು ಎಂಟು ದಿನ ಉಳಿದಿತ್ತು. ಹುಡುಕುತ್ತ ಹುಡುಕುತ್ತ ಆ ಹುಟ್ಟುಹಬ್ಬವೂ, ಕ್ರಿಸ್‌ಮಸ್ಸೂ, ಹೊಸ ವರ್ಷವೂ ಕಳೆದುಹೋದವು. ದೇಹ ಸಿಕ್ಕಿದ್ದು ಜನವರಿ 11ರಂದು.

ಎಲ್ಮರ್ ಅವರಿಗೆ ಆಗ ಅರವತ್ಮೂರು. ಹುಟ್ಟಿದಾಗ ತಾಯಿ, ಈಗ ಮಗ. ಅವರು ಕಾರ್ಖಾನೆ ಬಿಡಲಿಲ್ಲ. ಮಂಜಿನಲ್ಲೂ ದಾರಿ ಕಾಣುವಂಥ ಉಪಕರಣಗಳ ಕೆಲಸ ನಡೆಯಿತು. ಅದರಲ್ಲಿ ಕಿರಿಯ ಮಗ, ಅವರದೇ ಹೆಸರಿನ ಎಲ್ಮರ್ ಜೂನಿಯರ್, ಕೈಜೋಡಿಸಿದ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಎಂಬ ಪೈಲಟ್, ಹೊರಗಿನದು ಏನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು, ಉಪಕರಣ ಮಾತ್ರ ನೋಡಿಕೊಂಡು, ಎದ್ದು ಹಾರಿ ಇಳಿದ. ಅವನ ಮುಂದೆ ಇದ್ದದ್ದರಲ್ಲಿ ಸ್ಪೆರಿ ಕಂಪನಿಯ ಕೃತಕ ಕ್ಷಿತಿಜ ಮತ್ತು ದಿಕ್ಕು ತೋರಿಸುವ ಗೈರೋ ಮುಖ್ಯವಾದವು. ಈ ಉಪಕರಣ ಆರು ವರ್ಷ ಮೊದಲೇ ಇದ್ದಿದ್ದರೆ ಎಂದು ಅವರ ಮನೆಯಲ್ಲಿ ಯಾರಿಗಾದರೂ ಅನ್ನಿಸದೆ ಇದ್ದಿತೇ? 1930ರ ಜೂನ್ 16ರಂದು ಎಲ್ಮರ್ ತೀರಿಕೊಂಡರು. 1933ರಲ್ಲಿ ವೈಲಿ ಪೋಸ್ಟ್ ಎಂಬ ಒಕ್ಕಣ್ಣಿನ ಪೈಲಟ್ ಸ್ಪೆರಿ ಆಟೊಪೈಲಟ್ಟನ್ನು ಜೊತೆಗಾರನಾಗಿಸಿಕೊಂಡು ಒಬ್ಬನೇ ಎಂಟು ದಿನದೊಳಗೆ ಭೂಮಿ ಸುತ್ತಿ ಬಂದ. ದಾರಿಯಲ್ಲಿ ಆ ಜೊತೆಗಾರ ಕೆಟ್ಟಾಗ ಇಳಿದು ರಿಪೇರಿ ಮಾಡಿಸಬೇಕಾಗಿಯೂ ಬಂತು.

ಇಲ್ಲಿಂದ ಮುಂದಿನದು ನನ್ನ ಹೊಟ್ಟೆಪಾಡಿನ ವಿಷಯ, ಆದ್ದರಿಂದ ಸ್ವಲ್ಪ ಉದ್ದವಾಗಬಹುದು.

ಲಾರೆನ್ಸ್‌ನ ಪೆಟ್ಟಿಗೆಗೆ ಗೊತ್ತಿದ್ದದ್ದು ಮುಖ್ಯವಾಗಿ ಒಂದೇ ಕೆಲಸ, ಸಮವಾಗಿ ಇಡುವುದು. ಈಗಿನದಕ್ಕೆ ಹತ್ತಾರು ಕೆಲಸ ಗೊತ್ತು. ಒಂದೊಂದಕ್ಕೂ ಒಂದು ಮೋಡ್. ಈ ದಿಕ್ಕು ಹಿಡಿ, ಈ ಎತ್ತರ ಕಾಯ್ದುಕೋ, ನಿಮಿಷಕ್ಕೆ ಇಷ್ಟು ಅಡಿಯಂತೆ ಇಳಿ, ರನ್‌ವೇಯಿಂದ ಬರುವ ರೇಡಿಯೋ ಕಿರಣವನ್ನು ಹಿಡಿದು ಹೋಗು, ಹೀಗೆ. 1940ರ ದಶಕದ ಕೊನೆಗೆ ಸ್ಪೆರಿ ಕಂಪನಿಯೇ ಜೀರೋ ರೀಡರ್ ಎಂಬ ಇನ್ನೊಂದು ಸಾಧನ ತಂದಿತು. ಈಗ ಅದನ್ನು ಫ್ಲೈಟ್ ಡೈರೆಕ್ಟರ್ ಎನ್ನುತ್ತಾರೆ. ಇದು ವಿಮಾನವನ್ನು ನಡೆಸುವುದಿಲ್ಲ. ಕೃತಕ ಕ್ಷಿತಿಜದ ಮೇಲೆ ಎರಡು ಗೆರೆ ತೋರಿಸುತ್ತದೆ, ಒಂದು ಅಡ್ಡ, ಒಂದು ಉದ್ದ. ಅಡ್ಡಗೆರೆ ಮೇಲೇರಿದರೆ ಮೂತಿ ಎತ್ತು ಎಂದರ್ಥ. ಉದ್ದಗೆರೆ ಎಡಕ್ಕೆ ಸರಿದರೆ ಎಡಕ್ಕೆ ವಾಲು ಎಂದರ್ಥ. ಗೆರೆಗಳು ಮಧ್ಯದಲ್ಲಿದ್ದರೆ ನೀನು ಸರಿಯಾಗಿದ್ದೀಯ. ಲೆಕ್ಕ ಹಾಕುವ ಮಿದುಳು ಒಂದೇ. ಆಟೊಪೈಲಟ್ ಹಾಕಿದರೆ ಆ ಲೆಕ್ಕದಂತೆ ಯಂತ್ರದ ಕೈ ನಡೆಸುತ್ತದೆ, ಹಾಕದಿದ್ದರೆ ಪೈಲಟ್‌ನ ಕೈ. ಇದರ ಜೊತೆಗೆ ಎಂಜಿನ್ನಿನ ಬಲವನ್ನು ತಾನೇ ಹೆಚ್ಚು ಕಡಿಮೆ ಮಾಡುವ ಆಟೊಥ್ರಸ್ಟ್.

ತೊಡಕು ಇರುವುದು ವೇಗವನ್ನು ಯಾರು ಕಾಯುತ್ತಾರೆ ಎಂಬಲ್ಲಿ. ನಿಮಿಷಕ್ಕೆ ಇಷ್ಟು ಅಡಿ ಇಳಿ ಎಂಬ ಮೋಡಿನಲ್ಲಿ ಮೂತಿಯ ಕೋನ ಇಳಿತವನ್ನು ಕಾಯುತ್ತದೆ, ಎಂಜಿನ್ ವೇಗವನ್ನು ಕಾಯುತ್ತದೆ. ಓಪನ್ ಡಿಸೆಂಟ್ ಎಂಬ ಇನ್ನೊಂದು ಮೋಡಿನಲ್ಲಿ ಎಂಜಿನ್ ಕನಿಷ್ಠ ಬಲಕ್ಕೆ ಇಳಿದು ಸುಮ್ಮನಾಗುತ್ತದೆ, ವೇಗ ಕಾಯುವ ಹೊಣೆ ಪೂರ್ತಿ ಮೂತಿಯ ಮೇಲೆ. ಎತ್ತರದಿಂದ ಬೇಗ ಇಳಿಯಲು ಇದು ಒಳ್ಳೆಯದು, ನೆಲದ ಹತ್ತಿರ ಅಲ್ಲ. ನಮ್ಮೂರಿನವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ಬೋರ್‌ವೆಲ್ ಪಂಪಿಗೆ ಆಟೊ ಸ್ಟಾರ್ಟರ್ ಇದ್ದವರೆಲ್ಲ ಬಲ್ಲರು. ಸ್ವಿಚ್ಚು ಆಟೊದಲ್ಲಿದೆಯೋ ಇಲ್ಲವೋ ಎಂದು ಮರೆತು ಮಲಗಿದರೆ, ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದು, ಬೆಳಿಗ್ಗೆ ನೋಡಿದರೆ ನೀರು ಪಕ್ಕದವರ ಜೋಳದ ಹೊಲದಲ್ಲಿ. ಸ್ಟಾರ್ಟರ್ ಕೆಟ್ಟಿರಲಿಲ್ಲ. ಹೇಳಿದ್ದನ್ನೇ ಮಾಡಿತ್ತು.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬೆಂಗಳೂರಿಗೆ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ, ಆಗಿನ್ನೂ ಹೊಸದಾಗಿ ಬಂದಿದ್ದ ಏರ್‌ಬಸ್ ಎ-320, ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಜನ ಸತ್ತರು. ಹಾಡುಹಗಲು, ಶುಭ್ರ ಆಕಾಶ. ಎಂಜಿನ್ ಕೆಟ್ಟಿರಲಿಲ್ಲ, ಬೇರೇನೂ ಮುರಿದಿರಲಿಲ್ಲ. ವಿಮಾನ ಓಪನ್ ಡಿಸೆಂಟ್ ಮೋಡಿನಲ್ಲಿತ್ತು. ನಿಮಿಷಕ್ಕೆ 700 ಅಡಿ ಇಳಿ ಎಂದು ಹೇಳಲು ಹೋಗಿ, ಪಕ್ಕದ ಗುಬ್ಬಿಯನ್ನು ತಿರುಗಿಸಿ, 700 ಅಡಿ ಎತ್ತರಕ್ಕೆ ಇಳಿ ಎಂದು ಹೇಳಿರಬಹುದು ಎಂಬುದು ತನಿಖೆಯಲ್ಲಿ ಮುಂದೆ ಬಂದ ಸಾಧ್ಯತೆ. ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯ ಆಸುಪಾಸು ಇದೆ. ಆಟೊಪೈಲಟ್ ತೆಗೆದಾಗಿತ್ತು, ಕೈಯಿಂದ ಹಾರಿಸುತ್ತಿದ್ದರು. ಒಬ್ಬರ ಫ್ಲೈಟ್ ಡೈರೆಕ್ಟರ್ ಆರಿತ್ತು, ಇನ್ನೊಬ್ಬರದು ಉರಿಯುತ್ತಿತ್ತು. ಎರಡೂ ಆರಿದ್ದರೆ ಆಟೊಥ್ರಸ್ಟ್ ವೇಗ ಕಾಯುವ ಕೆಲಸಕ್ಕೆ ಬಂದುಬಿಡುತ್ತಿತ್ತು. ಒಂದು ಉಳಿದದ್ದರಿಂದ ಕಂಪ್ಯೂಟರ್ ತಿಳಿದುಕೊಂಡದ್ದು ಹೀಗೆ: ಗೆರೆ ಕೆಳಗೆ ತೋರಿಸುತ್ತಿದ್ದೇನೆ, ಅದರಂತೆ ಮೂತಿ ಬಾಗಿ ವೇಗ ಉಳಿಯುತ್ತದೆ, ಎಂಜಿನ್ ಸುಮ್ಮನಿರಲಿ. ಪೈಲಟ್‌ಗಳು ರನ್‌ವೇ ನೋಡಿಕೊಂಡು ಮೂತಿಯನ್ನು ಎತ್ತಿ ಹಿಡಿದಿದ್ದರು, ಎಂಜಿನ್ ವೇಗವನ್ನು ನೋಡಿಕೊಳ್ಳುತ್ತಿದೆ ಎಂಬ ನಂಬಿಕೆಯಲ್ಲಿ. ವೇಗವನ್ನು ಯಾರೂ ಕಾಯುತ್ತಿರಲಿಲ್ಲ. ಅದು ಕೊನೆಗೆ ಇರಬೇಕಾದ್ದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ನಾಟ್ ಇಳಿದುಹೋಗಿತ್ತು. ವೇಗ ಕುಸಿದಾಗ ಎಚ್ಚೆತ್ತುಕೊಳ್ಳುವ ಏರ್ಪಾಟು, ಲಾರೆನ್ಸ್‌ನ ಗಾಳಿಮಾಪಕದ ಮರಿಮೊಮ್ಮಗ ಎನ್ನಿ, ಈ ವಿಮಾನದಲ್ಲೂ ಇತ್ತು. ಅದು ಎಚ್ಚೆತ್ತಿತು ಕೂಡ. ಆದರೆ ಜೆಟ್ ಎಂಜಿನ್ನಿಗೆ ಕನಿಷ್ಠ ಬಲದಿಂದ ಪೂರ್ಣ ಬಲಕ್ಕೆ ಏರಲು ಹಲವು ಸೆಕೆಂಡು ಬೇಕು. ಅಷ್ಟು ಸಮಯ ಇರಲಿಲ್ಲ.

ಪೈಲಟ್‌ಗಳದ್ದೇ ತಪ್ಪು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ವಿಚಾರಣಾ ನ್ಯಾಯಾಲಯವೂ ಅವರು ಅಪಾಯದ ಗಂಭೀರತೆಯನ್ನು ಬೇಗ ಗ್ರಹಿಸಲಿಲ್ಲವೆಂದಿತು. ಆದರೆ ಎರಡು ವರ್ಷದ ಮೇಲೆ ಫ್ರಾನ್ಸ್‌ನ ಸ್ಟ್ರಾಸ್‌ಬೂರ್ಗ್ ಬಳಿ ಇದೇ ಮಾದರಿಯ ವಿಮಾನ ಬೆಟ್ಟಕ್ಕೆ ಬಡಿದು 87 ಜನ ಸತ್ತಾಗಲೂ ಮೋಡಿನ ಗೊಂದಲವೇ ಕಾರಣವಿರಬೇಕೆಂದು ಕಂಡುಬಂತು. ಒಂದೇ ಗುಬ್ಬಿ, ಒಂದೇ ಕಿಟಕಿ, 3.3 ಡಿಗ್ರಿ ಇಳಿಜಾರು ಎಂದುಕೊಂಡದ್ದು ನಿಮಿಷಕ್ಕೆ 3,300 ಅಡಿ ಆಗಿತ್ತು. ಆಮೇಲೆ ಅಂಕಿ ತೋರಿಸುವ ರೀತಿಯನ್ನೇ ಬದಲಾಯಿಸಿದರು. ಬರೆಯುವ ರೀತಿ ಬದಲಾಯಿಸಬೇಕಾಯಿತು ಎಂದರೆ ಮೊದಲಿನ ರೀತಿಯಲ್ಲಿ ದೋಷ ಇತ್ತು ಎಂದೇ ಅರ್ಥ, ಅಲ್ಲವೇ?

ನನ್ನ ಕೆಲಸ ಬಹುಪಾಲು ಈ ಅಕ್ಷರಗಳ ಸುತ್ತಲೇ. ಪರದೆಯ ನೆತ್ತಿಯ ಮೇಲೆ ಈಗ ಯಾವ ಮೋಡ್ ನಡೆಯುತ್ತಿದೆ ಎಂದು ಪುಟ್ಟದಾಗಿ ಬರೆದಿರುತ್ತದೆ. ಏರ್‌ಬಸ್ ವಿಮಾನಗಳಲ್ಲಿ ಮೋಡ್ ಬದಲಾದ ಕೂಡಲೇ ಹೊಸ ಹೆಸರಿನ ಸುತ್ತ ಒಂದು ಬಿಳಿ ಚೌಕ ಮೂಡಿ ಹತ್ತು ಸೆಕೆಂಡು ಇರುತ್ತದೆ. ಇಂಥ ಚೌಕ ಮೂಡಿತೇ, ತಡವಾಯಿತೇ, ಬೇಗ ಮಾಯವಾಯಿತೇ ಎಂದು ದಿನಗಟ್ಟಲೆ ನೋಡುತ್ತ ಕೂರುವುದು ಬೇಸರದ ಕೆಲಸವೆಂದು ಗೆಳೆಯರು ನಗುತ್ತಾರೆ. ಆ ಗಾಲ್ಫ್ ಮೈದಾನದ ಪಕ್ಕದ ರಸ್ತೆಯಲ್ಲಿ ನಾನು ಬಸ್ಸಿನಲ್ಲಿ ಹೋಗುವುದುಂಟು, ಬೇಸರ ಆಗುವುದಿಲ್ಲ.

ಕಟ್ಟೆಯ ಹಿರಿಯರಿಗೆ ಉತ್ತರ: ಹೌದು, ವಿಮಾನ ಬಹಳ ಹೊತ್ತು ತಾನೇ ಹೋಗುತ್ತದೆ. ಪೈಲಟ್ ಕಾಫಿಯನ್ನೂ ಕುಡಿಯುತ್ತಾರೆ. ಆದರೆ ಸೀನ್ ನದಿಯ ಮೇಲೆ ರೆಕ್ಕೆಗೆ ನಡೆದುಹೋದ ಇಬ್ಬರೂ ಇಳಿಯುವ ಮೊದಲು ತಮ್ಮ ತಮ್ಮ ಜಾಗಕ್ಕೆ ವಾಪಸ್ಸು ಬಂದು ಕೂತಿದ್ದರು.

ಮಹೋತ್ಸವದ ದಿನ ನಾನೊಂದು ಬುಗುರಿ ತರುತ್ತೇನೆ. ಧ್ವಜಸ್ತಂಭದ ಸುತ್ತ ಈಗ ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದಾರೆಂದು ಕೇಳಿದೆ, ಮೊಳೆ ಜಾರಬಹುದು. ಪರೀಕ್ಷೆ ರಟ್ಟು ಯಾರಾದರೂ ತನ್ನಿ.